ಪಂಡೋರಾ ಸ್ಟೇಷನ್: ಹೊಸ ಕಲಾವಿದರನ್ನು ಕೇಳುವುದಕ್ಕಾಗಿ ಹದಗೊಳಿಸುವ ಬಗೆ

ಅಮೆರಿಕದ ಕೇಳುಗರಿಗೆ ದೊರೆಯುವ ಪಂಡೋರಾ ಸಂಗೀತ ಸೇವೆಯ ಹೆಚ್ಚುಗಾರಿಕೆ ಇರುವುದು ಅದರ ತಳಹದಿಯಲ್ಲಿ. 2000ರಲ್ಲಿ ಆರಂಭವಾದ ಮ್ಯೂಸಿಕ್ ಜೀನೋಮ್ ಪ್ರಾಜೆಕ್ಟ್‌ನಲ್ಲಿ ಸಂಗೀತ ಬಲ್ಲ ವಿಶ್ಲೇಷಕರು ಹಾಡುಗಳನ್ನು ಕೇಳಿ, ಲಯ, ಸ್ವರಸಂಯೋಜನೆ, ಕಂಠದ ಗುಣ, ವಾದ್ಯಗಳ ಬಳಕೆ ಮುಂತಾದ ನೂರಾರು ಲಕ್ಷಣಗಳನ್ನು ಗುರುತಿಸುತ್ತಾರೆ. ಆದ್ದರಿಂದಲೇ ಇನ್ನೂ ಹೆಸರು ಮಾಡದ ಗಾಯಕಿಯೊಬ್ಬರ ಹಾಡು ಕೂಡ, ತನ್ನ ನಾದಗುಣದ ಬಲದಿಂದಲೇ, ಪ್ರಸಿದ್ಧ ಹಾಡೊಂದರ ಬೆನ್ನಿಗೇ ಕೇಳಿಬರಬಹುದು. ನಾನು ಈ ಸೇವೆಯನ್ನು ಮನಸಾರೆ ಮೆಚ್ಚುವುದು ಇದಕ್ಕಾಗಿ.

ಆದರೆ ಸ್ಟೇಷನ್ನನ್ನು, ಅಂದರೆ ನಾವು ಆರಿಸಿದ ಕಲಾವಿದರನ್ನೋ ಹಾಡನ್ನೋ ಆಧರಿಸಿ ಪಂಡೋರಾ ಕಟ್ಟಿಕೊಡುವ ಹಾಡುಗಳ ಸರಣಿಯನ್ನು, ಹದಗೊಳಿಸುವ ಹೊಣೆ ಕೇಳುಗರದೇ. ಇಷ್ಟವಾದ ಪ್ರತಿ ಹಾಡಿಗೂ ಮೆಚ್ಚುಗೆಯ ಹೆಬ್ಬೆರಳಿನ ಗುರುತನ್ನು ಒತ್ತುತ್ತಾ ಹೋದರೆ ಪರಿಚಿತ ಹಾಡುಗಳೇ ಮತ್ತೆ ಮತ್ತೆ ಸುತ್ತಿ ಬರತೊಡಗಿ, ಹೊಸಬರಿಗೆ ಜಾಗ ಕಡಿಮೆಯಾಗುತ್ತದೆ. ಮೊದಲೇ ಬಲ್ಲ ಹಾಡು ಬಂದಾಗ ಸುಮ್ಮನಿದ್ದು, ಅಪರಿಚಿತರ ಹಾಡು ಹಿಡಿಸಿದಾಗ ಮೆಚ್ಚುಗೆ ಸೂಚಿಸುವುದು ಮೇಲು. ಆ ಹೊತ್ತಿಗೆ ಬೇಡವೆನಿಸಿದ ಹಾಡನ್ನು ದಾಟಿಸಿದರೆ ಸಾಕು. ತಿರಸ್ಕಾರದ ಹೆಬ್ಬೆರಳನ್ನು ನಿಜವಾಗಿ ಒಗ್ಗದ ಹಾಡುಗಳಿಗೇ ಮೀಸಲಿಡಬೇಕು.

ಸ್ಟೇಷನ್ನಿಗೆ ಬೀಜವಾಗಿ ಯಾರನ್ನು ಕೊಡುತ್ತೇವೆ ಎಂಬುದು ಇನ್ನೂ ಮುಖ್ಯ. ಒಬ್ಬರೇ ಕಲಾವಿದರಿಂದ ಆರಂಭಿಸಿದ್ದು ಬೇಗ ಇಕ್ಕಟ್ಟಾಗಬಹುದು. ಸಮೀಪದ ನಾದವುಳ್ಳ, ಆದರೆ ಬೇರೆ ಬೇರೆ ಕಾಲಕ್ಕೆ ಸೇರಿದ ಇಬ್ಬರು ಮೂವರನ್ನು ಸೇರಿಸಿದರೆ ಅದರ ಹರಹು ಹಿಗ್ಗುತ್ತದೆ. ತೀರ ಭಿನ್ನರನ್ನು ಬೆರೆಸುವುದಕ್ಕಿಂತ ಅವರಿಗಾಗಿ ಪ್ರತ್ಯೇಕ ಸ್ಟೇಷನ್ ತೆರೆಯುವುದೇ ಲೇಸು.

2019ರಲ್ಲಿ ಬಂದ ಮೋಡ್‌ಗಳ, ಅಂದರೆ ಸ್ಟೇಷನ್ನಿನಲ್ಲಿ ಎಂಥ ಹಾಡುಗಳು ಬರಬೇಕೆಂದು ಆರಿಸುವ ಬಗೆಗಳ, ಪೈಕಿ ಡೀಪ್ ಕಟ್ಸ್ ಕಲಾವಿದರ ಕಡಿಮೆ ಪರಿಚಿತ ಹಾಡುಗಳತ್ತ ಒಲಿದರೆ, ಡಿಸ್ಕವರಿಯು ಆ ಸ್ಟೇಷನ್ನಿನಲ್ಲಿ ಸಾಮಾನ್ಯವಾಗಿ ಬಾರದ ಕಲಾವಿದರನ್ನೇ ಹೆಚ್ಚಾಗಿ ಕೇಳಿಸುತ್ತದೆ. ಹೊಸಬರನ್ನು ಅರಸುವವರು ಮೊದಲು ತೆರೆಯಬೇಕಾದದ್ದು ಈ ಎರಡನೆಯದನ್ನು.