ಹುಟ್ಟು ಕೈಬಿಡದೆ ನೀರು ಹೊರಗೆ: ಕಯಾಕ್‌ನ ಬ್ಯಾಟರಿ ಪಂಪ್, ಮೂರು ವರ್ಷಗಳ ಬಳಿಕ

ಸುವರ್ಣಾ ಮತ್ತು ಸೀತಾ ನದಿಗಳು ಸಮುದ್ರ ಸೇರುವ ಕೋಡಿಬೇಂಗ್ರೆಯ ಅಳಿವೆಯಲ್ಲಿ ಇಳಿತದ ಸೆಳೆತ ಹೊರಗೆ ಹರಿಯುವಾಗ ಪಡುಗಾಳಿ ಎದುರಿನಿಂದ ಬೀಸಿದರೆ, ಅಲೆಗಳು ಗಿಡ್ಡವಾಗಿ, ಕಡಿದಾಗಿ ಏಳುತ್ತವೆ. ಮೂರು ವರ್ಷಗಳ ಹಿಂದೆ ಅಂಥದೊಂದು ಸಂಜೆ ನನ್ನ ಕಯಾಕ್‌ನ, ಅಂದರೆ ಹುಟ್ಟು ಹಾಕಿ ಸಾಗುವ ಕಿರಿದಾದ ಸಣ್ಣ ದೋಣಿಯ, ಕೂರುವ ಕುಳಿಯೊಳಗೆ ಮೊಣಕಾಲಿನವರೆಗೆ ನೀರು ತುಂಬಿತು. ಆಗ ನನ್ನ ಬಳಿ ಇದ್ದದ್ದು ಕೈಪಂಪು. ಅದನ್ನು ಎಳೆಯಲು ಎರಡೂ ಕೈಗಳು ಬೇಕು. ಹುಟ್ಟನ್ನು ಮಡಿಲಲ್ಲಿಟ್ಟ ಕೂಡಲೇ ದೋಣಿ ಅಲೆಗೆ ಅಡ್ಡ ತಿರುಗುತ್ತಿತ್ತು, ಹೊರಹಾಕಿದ ನೀರಿನಷ್ಟೇ ಮತ್ತೆ ಒಳಬರುತ್ತಿತ್ತು. ಒಳಗಿನ ನೀರಿನ ಭಾರಕ್ಕಿಂತ ಅದರ ಓಡಾಟವೇ ಹೆಚ್ಚು ಅಪಾಯಕಾರಿ ಎಂಬುದು, ದೋಣಿ ವಾಲಿದ ಕಡೆಗೇ ಎಲ್ಲ ನೀರೂ ಸರಿದಾಗ, ಸೊಂಟಕ್ಕೇ ಅರ್ಥವಾಗುತ್ತದೆ.

ಆ ತಿಂಗಳಲ್ಲೇ ಸೀಟಿನ ಹಿಂದೆ 12 ವೋಲ್ಟಿನ ಸಣ್ಣ ಬಿಲ್ಜ್ ಪಂಪ್, ಅಂದರೆ ದೋಣಿಯ ತಳದ ನೀರನ್ನು ಹೊರಹಾಕುವ ಬ್ಯಾಟರಿ ಪಂಪ್, ಕೂರಿಸಿದೆ. ಪೆಟ್ಟಿಗೆಯ ಮೇಲೆ ಗಂಟೆಗೆ 500 ಗ್ಯಾಲನ್, ಅಂದರೆ ನಿಮಿಷಕ್ಕೆ ಸುಮಾರು 31 ಲೀಟರ್ ಎಂದು ಬರೆದಿತ್ತು. ಆದರೆ ಅದು ನೀರನ್ನು ಮೇಲಕ್ಕೆ ಎತ್ತಬೇಕಿಲ್ಲದಾಗಿನ ಲೆಕ್ಕ. ದೋಣಿಯ ಮೇಲ್ಮೈವರೆಗೆ ಪೈಪ್ ಏರಿಸಿ ಅಂಗಳದಲ್ಲಿ ಅಳೆದಾಗ, 20 ಲೀಟರಿನ ಬಕೆಟ್ ತುಂಬಲು 55 ಸೆಕೆಂಡ್ ಹಿಡಿಯಿತು. ನನಗೆ ಅಷ್ಟು ಸಾಕು. ಗುಂಡಿ ಒತ್ತಿ ಹುಟ್ಟು ಹಾಕುತ್ತಲೇ ಇರಬಹುದು, ದೋಣಿಯ ಮೂತಿ ಅಲೆಗೆ ನೇರವಾಗಿಯೇ ಉಳಿಯುತ್ತದೆ. ಕೊಟ್ಟ ಹಣಕ್ಕೆ ಇದೊಂದೇ ಸಮರ್ಥನೆ ಸಾಕು.

ಮೋಟಾರು ಒಮ್ಮೆಯೂ ಕೈಕೊಟ್ಟಿಲ್ಲ, ಕೈಕೊಟ್ಟದ್ದು ಸ್ವಿಚ್ಚು. ಎರಡನೆಯ ಮಳೆಗಾಲ ಕಳೆದು ನೋಡಿದರೆ ರಬ್ಬರ್ ಟೊಪ್ಪಿಯಡಿ ಹಸಿರು ಕಿಲುಬು ಕಟ್ಟಿತ್ತು. ಉಪ್ಪುನೀರಿನ ಹಾನಿಗೆ ವಾರಂಟಿ ಇಲ್ಲವೆಂದು ಮಾರಿದವರು ಉತ್ತರಿಸಿದರು. ದೋಣಿಗೆಂದೇ ಮಾರುವ ವಸ್ತುವಿಗೆ ಇದು ವಿಚಿತ್ರ ಷರತ್ತು. ಮಲ್ಪೆ ಬಂದರಿನಲ್ಲಿ ಬೋಟುಗಳ ವಯರಿಂಗ್ ಮಾಡುವವರೊಬ್ಬರು ತಂತಿಯ ಸಿಪ್ಪೆ ಸುಲಿದು, ಒಳಗೆ ಕಪ್ಪಾಗಿದ್ದ ತಾಮ್ರವನ್ನು ತೋರಿಸಿ, “ಪಂಪ್ ಹಾಳಾಗುವುದಲ್ಲ ಮಾರಾಯ್ರೆ, ಜಾಯಿಂಟ್ ಹಾಳಾಗುವುದು” ಎಂದರು. ಅವರು ತವರದ ಲೇಪನವಿರುವ ತಂತಿ ಹಾಕಿ, ಒಳಗೆ ಅಂಟಿರುವ, ಬಿಸಿಗೆ ಕುಗ್ಗುವ ಕೊಳವೆಯಿಂದ ಪ್ರತಿ ಜಾಯಿಂಟನ್ನೂ ಮುಚ್ಚಿದ ಮೇಲೆ ತೊಂದರೆಯಾಗಿಲ್ಲ.

ಪಂಪಿನ ಬಾಯಿಯ ಜಾಲರಿಗೆ ಕೊಳೆತ ಕಾಂಡ್ಲಾ ಎಲೆ ಮತ್ತು ಮರಳು ಸಿಕ್ಕಿಕೊಳ್ಳುವುದರಿಂದ, ಪ್ರತಿ ಸಲ ಸಿಹಿನೀರಿನಲ್ಲಿ ಎರಡು ನಿಮಿಷ ಪಂಪ್ ಓಡಿಸಿ ತೊಳೆಯುತ್ತೇನೆ. ತಳದಲ್ಲಿ ಉಳಿಯುವ ಬೆರಳೆತ್ತರದ ನೀರನ್ನು ಅದು ಎಳೆಯಲಾರದು, ಅದಕ್ಕೆ ಸ್ಪಂಜೇ ಗತಿ. ಬ್ಯಾಟರಿ ಮುಗಿದೀತೆಂದು ಹಳೆಯ ಕೈಪಂಪನ್ನೂ ಸೀಟಿನ ಪಕ್ಕ ಕಟ್ಟಿಟ್ಟಿದ್ದೇನೆ. ಮೇಲೆಯೇ ಕುಳಿತು ಸಾಗುವ, ತಳದ ತೂತುಗಳಿಂದ ನೀರು ತಾನಾಗಿ ಇಳಿದುಹೋಗುವ ಕಯಾಕ್ ಇರುವವರಿಗೆ ಈ ಖರ್ಚು ಬೇಡ.