ಸೂಪರ್ ಮಾರ್ಕೆಟ್ ಹಿಂದಿನ ಹಳೆ ಪುಸ್ತಕದ ಅಂಗಡಿ: ದರ್ಬಾರಿನ ಮಸಲತ್ತಿನ ಫ್ಯಾಂಟಸಿ ಹುಡುಕುವವರಿಗೆ

ಕಲಬುರಗಿಯ ಸೂಪರ್ ಮಾರ್ಕೆಟ್ ಹಿಂದಿನ ಓಣಿಯೊಂದರಲ್ಲಿ, ಸ್ಟೇಷನರಿ ಅಂಗಡಿಯ ಮೇಲಿನ ಮಹಡಿಯಲ್ಲಿರುವ ಈ ಹಳೆ ಪುಸ್ತಕದ ಅಂಗಡಿಗೆ ಫಲಕವೂ ಇಲ್ಲ, ಹೆಸರೂ ಇಲ್ಲ. ಕಡಿದಾದ ಮೆಟ್ಟಿಲು ಹತ್ತಿದರೆ ಮೊದಲು ಎದುರಾಗುವುದು ಕೆಪಿಎಸ್‌ಸಿ ಗೈಡುಗಳು ಮತ್ತು ನೀಟ್ ಪ್ರಶ್ನೆಪತ್ರಿಕೆಗಳ ಕಟ್ಟುಗಳು. ಅವನ್ನು ದಾಟಿ, ಕಿಟಕಿಯ ಪಕ್ಕದ ಮೂಲೆಗೆ ಹೋದರೆ ಇಂಗ್ಲಿಷ್ ಫ್ಯಾಂಟಸಿ ಕಾದಂಬರಿಗಳ ಎರಡು ಕಪಾಟುಗಳಿವೆ. ಎರಡು ವರ್ಷಗಳಿಂದ ನಾನು ಹೋಗುತ್ತಿರುವುದು ಆ ಎರಡು ಕಪಾಟುಗಳಿಗಾಗಿ ಮಾತ್ರ. ಅಂಗಡಿಯ ಉಳಿದ ಭಾಗದ ಬಗ್ಗೆ ನನಗೆ ಹೇಳುವುದೇನೂ ಇಲ್ಲ.

ನನ್ನ ಬೇಡಿಕೆ ಸ್ವಲ್ಪ ವಿಚಿತ್ರವಾದದ್ದು. ದೊಡ್ಡ ಹರವಿನ ಕಥೆ ಬೇಕು, ಆದರೆ ಒಳ್ಳೆಯ ಹುಡುಗನೊಬ್ಬ ಕೆಟ್ಟ ಮಾಂತ್ರಿಕನನ್ನು ಕೊಂದು ಮುಗಿಸುವ ಕಥೆ ಬೇಡ. ದರ್ಬಾರು, ಸಾಲ, ಮದುವೆ ಸಂಬಂಧ, ಸುಳ್ಳು ಸಾಕ್ಷಿ ಎಲ್ಲವೂ ಇರಬೇಕು, ಓದುತ್ತ ಹೋದಂತೆ ಯಾರ ಪಕ್ಷ ಹಿಡಿಯಬೇಕೆಂಬುದು ನನಗೇ ತಿಳಿಯದಂತಾಗಬೇಕು. ಇದನ್ನು ಅಂಗಡಿಯ ಯಜಮಾನರಿಗೆ ವಿವರಿಸಲು ನಾನು ಹೇಳಿದ್ದು ಬೀದರಿನ ಮಹಮೂದ್ ಗವಾನನ ಹೆಸರನ್ನು. 1472ರಲ್ಲಿ ಮದರಸಾ ಕಟ್ಟಿಸಿದ ಆ ಬಹಮನಿ ವಜೀರನ ವಿರೋಧಿಗಳು, ಅವನ ಮೊಹರು ಕಾಯುವವನನ್ನು ಒಲಿಸಿಕೊಂಡು ಖಾಲಿ ಕಾಗದಕ್ಕೆ ಮೊಹರು ಒತ್ತಿಸಿ, ಅದರ ಮೇಲೆ ಒಡಿಶಾದ ರಾಜನಿಗೆ ಬರೆದಂತೆ ದ್ರೋಹದ ಪತ್ರವೊಂದನ್ನು ಸೃಷ್ಟಿಸಿದರು. ಮೂರನೆಯ ಮುಹಮ್ಮದ್ ಷಾ 1481ರಲ್ಲಿ ಅವನ ತಲೆ ತೆಗೆಸಿದ. ಮರುವರ್ಷ ತಾನೂ ಸತ್ತ. ಅಂಥದೊಂದು ಕಾಗದ ಇರುವ ಕಥೆ ಬೇಕು ಎಂದೆ. ಯಜಮಾನರು ಕನ್ನಡಕ ಸರಿಪಡಿಸಿಕೊಂಡು, ‘ಕತ್ತಿ ಕಡಿಮಿ, ಕಾಗದ ಭಾಳ ಇರೋವು ಬೇಕಲ್ರಿ ನಿಮಗ’ ಎಂದು ಕೆಳಗಿನ ಸಾಲು ತೋರಿಸಿದರು.

ಈ ಅಂಗಡಿಯ ಹೆಚ್ಚುಗಾರಿಕೆ ಇರುವುದು ಇಲ್ಲೇ. ಅವರ ಬಳಿ ಬಂದ ಪ್ರತಿ ಫ್ಯಾಂಟಸಿ ಪುಸ್ತಕದ ಮೊದಲ ಪುಟದ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಒಂದು ಅಕ್ಷರ ಬರೆದಿರುತ್ತದೆ: ‘ಯು’ ಎಂದರೆ ಯುದ್ಧ, ‘ದ’ ಎಂದರೆ ದರ್ಬಾರು. ಅವರು ಓದಿ ಗುರುತು ಹಾಕಿದ್ದಾರೆ, ಹಿಂಬದಿಯ ಹೊಗಳಿಕೆ ನೋಡಿ ಹಾಕಿದ್ದಲ್ಲ. ಬೆಂಗಳೂರಿನ ಹವಾನಿಯಂತ್ರಿತ ಮಳಿಗೆಗಳಲ್ಲಿಯೂ ನನಗೆ ಸಿಗದ ಸೇವೆ ಇದು. ಕೊಳ್ಳುವ ಮೊದಲು ಸ್ಟೂಲಿನ ಮೇಲೆ ಕುಳಿತು 20 ಪುಟ ಓದಬಹುದು. ಓದಿ ಮುಗಿಸಿ ಮರಳಿಸಿದರೆ ಅರ್ಧ ಬೆಲೆ ಕೊಡುತ್ತಾರೆ.

‘ದ’ ಗುರುತಿನಲ್ಲಿ ನನಗೆ ಮೊದಲು ಸಿಕ್ಕಿದ್ದು ರಾಬಿನ್ ಹಾಬ್ ಅವರ ‘ಅಸಾಸಿನ್ಸ್ ಅಪ್ರೆಂಟಿಸ್’. 1995ರಿಂದ 1997ರವರೆಗೆ ಬಂದ ಮೂರು ಸಂಪುಟಗಳ ಮಾಲೆಯ ಮೊದಲನೆಯದು. ಯುವರಾಜನ ಅನೈತಿಕ ಸಂತಾನವೆಂದು ಕರೆಸಿಕೊಂಡ ಫಿಟ್ಜ್ ಎಂಬ ಹುಡುಗನನ್ನು 6ನೇ ವಯಸ್ಸಿನಲ್ಲಿ ಕೋಟೆಗೆ ತಂದು ಬಿಡುತ್ತಾರೆ. ಅಜ್ಜನೂ ಅರಸನೂ ಆದ ಶ್ರೂಡ್ ಆ ಮಗುವಿಗೆ ಕೆಂಪು ಹರಳಿನ ಪಿನ್ನೊಂದನ್ನು ಕೊಟ್ಟು, ಅನ್ನ, ಬಟ್ಟೆ, ವಿದ್ಯೆ ಎಲ್ಲವನ್ನೂ ಕೊಡುವೆನೆಂದು ಹೇಳಿ, ಅದಕ್ಕೆ ಬದಲಾಗಿ ನಿಷ್ಠೆಯನ್ನು ಕೇಳುತ್ತಾನೆ. ನಂತರ ಹುಡುಗ ಗುಟ್ಟಾಗಿ ಕಲಿಯುವುದು ವಿಷ ಹಾಕಿ ಕೊಲ್ಲುವ ವಿದ್ಯೆ. ಶ್ರೂಡ್ ದುಷ್ಟನಲ್ಲ, ಮೊಮ್ಮಗನ ಮೇಲೆ ಅವನಿಗೆ ಮಮತೆಯೂ ಇದೆ. ಆದರೂ ಮಗುವನ್ನು ಕೊಂಡುಕೊಂಡಿದ್ದಾನೆ, ಮತ್ತು ಇಬ್ಬರಿಗೂ ಅದು ಗೊತ್ತು. ಆ ಒಂದು ಪಿನ್ನು ಎಷ್ಟೋ ಕದನಗಳಿಗಿಂತ ಹೆಚ್ಚು ಕಾಲ ನನ್ನ ಮನಸ್ಸಿನಲ್ಲಿ ಚುಚ್ಚಿಕೊಂಡಿತ್ತು. ರನ್ನನ ದುರ್ಯೋಧನನನ್ನು ಪಠ್ಯದಲ್ಲಿ ಓದಿ ಅತ್ತ ಯಾರಿಗೂ ಈ ಬಗೆಯ ಇಬ್ಬಂದಿ ಹೊಸತೆನಿಸದು.

ಎರಡನೆಯದು ಸೇತ್ ಡಿಕಿನ್ಸನ್ ಅವರ 2015ರ ‘ದಿ ಟ್ರೇಟರ್ ಬರು ಕಾರ್ಮೊರಂಟ್’. ಬ್ರಿಟಿಷ್ ಮುದ್ರಣದಲ್ಲಿ ಹೆಸರು ಬರೀ ‘ದಿ ಟ್ರೇಟರ್’ ಎಂದಿರುವುದರಿಂದ ಎರಡೂ ಬೇರೆ ಪುಸ್ತಕಗಳೆಂದು ಮೋಸಹೋಗಬೇಡಿ. ನಾನು ಹೊಟ್ಟೆಪಾಡಿಗೆ ದಾಲ್ ಮಿಲ್ಲೊಂದರ ಲೆಕ್ಕ ಬರೆಯುವವನು, ಆದ್ದರಿಂದ ನಾಯಕಿ ಅಕೌಂಟೆಂಟ್ ಎಂದು ತಿಳಿದಾಗಲೇ ಅರ್ಧ ಸೋತಿದ್ದೆ. ತನ್ನ ದ್ವೀಪವನ್ನು ವ್ಯಾಪಾರ, ನೋಟು ಮತ್ತು ಶಾಲೆಗಳ ಮೂಲಕ ನುಂಗಿದ ಸಾಮ್ರಾಜ್ಯವನ್ನು ಒಳಗಿನಿಂದಲೇ ಕೆಡವಬೇಕೆಂದು ಆಕೆ ಅದೇ ಸಾಮ್ರಾಜ್ಯದ ನೌಕರಿಗೆ ಸೇರುತ್ತಾಳೆ. ದೂರದ ಪ್ರಾಂತ್ಯವೊಂದರ ಬಂಡಾಯವನ್ನು ಸೈನ್ಯವಿಲ್ಲದೆ, ನೋಟಿನ ಬೆಲೆಯನ್ನೇ ಕುಸಿಯುವಂತೆ ಮಾಡಿ ಮುರಿಯುತ್ತಾಳೆ. ತೊಗರಿಯ ದರ ಒಂದು ವಾರದಲ್ಲಿ ಬಿದ್ದು, ಲಾರಿ ಹೇರಿಕೊಂಡು ಬಂದ ರೈತ ಎಪಿಎಂಸಿ ಅಂಗಳದಲ್ಲಿ ಮಾತಿಲ್ಲದೆ ಕುಳಿತದ್ದನ್ನು ಕಂಡವರಿಗೆ ಆ ಅಧ್ಯಾಯ ಕಲ್ಪನೆಯೆನಿಸುವುದಿಲ್ಲ. ಮಾಯಾಮಂತ್ರ ಬೇಕೇ ಬೇಕು ಎನ್ನುವವರು ಮಾತ್ರ ಇದನ್ನು ಮುಟ್ಟಬಾರದು, ಇದರಲ್ಲಿ ಅದು ಇಲ್ಲವೆಂದರೂ ನಡೆಯುತ್ತದೆ.

‘ಗೇಮ್ ಆಫ್ ಥ್ರೋನ್ಸ್’ ಧಾರಾವಾಹಿಗೆ ಮೂಲವಾದ, ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ಕಾದಂಬರಿ ಮಾಲೆಯ ಬಗ್ಗೆ ಹೊಸದಾಗಿ ಹೇಳಬೇಕಾದದ್ದು ಕಡಿಮೆ, ಕೊಳ್ಳುವವರಿಗೆ ಒಂದು ಎಚ್ಚರಿಕೆಯ ಹೊರತು. 1996ರಿಂದ 2011ರವರೆಗೆ ಬಂದಿರುವ ಕಾದಂಬರಿಗಳು 5. ಆದರೆ ಮೂರನೆಯದನ್ನೂ ಐದನೆಯದನ್ನೂ ಎರಡೆರಡು ಭಾಗವಾಗಿ ಒಡೆದಿರುವುದರಿಂದ ನಮ್ಮಲ್ಲಿ ಮಾರಾಟವಾಗುವ ಪೇಪರ್‌ಬ್ಯಾಕ್ ಪೆಟ್ಟಿಗೆಯಲ್ಲಿ 7 ಪುಸ್ತಕಗಳಿರುತ್ತವೆ. ಇದು ತಿಳಿಯದೆ ನಾನು ಆನ್‌ಲೈನ್ ಮಾರಾಟಗಾರನೊಬ್ಬನಿಂದ ಮೂರನೆಯದರ ಮೊದಲ ಭಾಗವನ್ನಷ್ಟೇ ತರಿಸಿ, ಕಥೆ ನಡುವೆಯೇ ಕಡಿದುಹೋಯಿತೆಂದು ಗೊಣಗಿದ್ದೆ. ಅದು ನಕಲಿ ಮುದ್ರಣವೂ ಆಗಿತ್ತು: ಕಾಗದದ ಆಚೆಗಿನ ಅಕ್ಷರ ಈಚೆಗೆ ಕಾಣುತ್ತಿತ್ತು, ಮುಂದಿನ ನಕಾಶೆಯಲ್ಲಿ ಊರುಗಳ ಹೆಸರೆಲ್ಲ ಮಸಿಯ ಚುಕ್ಕೆಗಳಾಗಿದ್ದವು. ನಕಾಶೆ ಓದಲಾಗದ ಮೇಲೆ ಯಾರ ಸೈನ್ಯ ಯಾವ ಹೊಳೆ ದಾಟಿತೆಂದು ತಿಳಿಯುವುದು ಹೇಗೆ? ಹಳೆ ಪುಸ್ತಕದ ಅಂಗಡಿಯವರು ಅದೇ ಭಾಗದ ಅಸಲಿ ಪ್ರತಿಯನ್ನು 180 ರೂಪಾಯಿಗೆ ಕೊಟ್ಟರು, ನಕಲಿಯನ್ನು ಮಾತ್ರ ಎಷ್ಟು ಕೇಳಿದರೂ ತೆಗೆದುಕೊಳ್ಳಲಿಲ್ಲ.

ಕೊರತೆಗಳೂ ಇವೆ. ಮಾಲೆಗಳು ಪೂರ್ತಿಯಾಗಿ ಸಿಗುವುದು ಅಪರೂಪ. ಫಿಟ್ಜ್‌ನ ಎರಡನೆಯ ಸಂಪುಟಕ್ಕೆ ನಾನು 5 ತಿಂಗಳು ಕಾದೆ, ಮೂರನೆಯದನ್ನು ಕಡೆಗೆ ಹೈದರಾಬಾದಿನಿಂದ ತರಿಸಿಕೊಂಡೆ. ಮೇ ತಿಂಗಳಿನಲ್ಲಿ ಅಲ್ಲಿ ಕೊಳ್ಳುವುದು ಬೇಡ. ತಗಡಿನ ಮಾಡಿನ ಕೆಳಗೆ ನಮ್ಮೂರಿನ ಬಿಸಿಲಿಗೆ ದಪ್ಪ ಪುಸ್ತಕಗಳ ಬೆನ್ನಿನ ಅಂಟು ಮೆತ್ತಗಾಗಿ, ಬಿಡಿಸಿದ ಕಡೆ ಹಾಳೆಗಳು ಕೈಗೆ ಬರುತ್ತವೆ. ಬೈಂಡಿಂಗ್ ಮಾಡಿಸಲು ನಾನು ಪುಸ್ತಕಕ್ಕೆ ಕೊಟ್ಟದ್ದಕ್ಕಿಂತ ಹೆಚ್ಚು ಹಣ ಕೊಟ್ಟಿದ್ದೇನೆ. ಧೂಳಿನ ಅಲರ್ಜಿ ಇದ್ದವರು ಮಾಸ್ಕ್ ಹಾಕಿಕೊಂಡೇ ಹೋಗಬೇಕು. ಶುಕ್ರವಾರ ಮಧ್ಯಾಹ್ನ ಮುಚ್ಚಿರುತ್ತದೆ, ಫೋನ್‌ಪೇ ನಡೆಯುತ್ತದೆ.

ಸದ್ಯ ನಾನು ಕಾಯುತ್ತಿರುವುದು ಗೈ ಗೇವ್ರಿಯಲ್ ಕೇ ಅವರ 1990ರ ‘ಟಿಗಾನಾ’ಕ್ಕೆ. ಯುದ್ಧದಲ್ಲಿ ಮಗನನ್ನು ಕಳೆದುಕೊಂಡ ಮಾಂತ್ರಿಕ ದೊರೆಯೊಬ್ಬ, ಗೆದ್ದ ನಾಡಿನ ಹೆಸರು ಅಲ್ಲಿ ಹುಟ್ಟದ ಯಾರ ಕಿವಿಗೂ ಬೀಳದಂತೆ ಮಾಡುವ ಕಥೆ ಅದು. ಗುಲ್ಬರ್ಗಾ 2014ರಲ್ಲಿ ಕಲಬುರಗಿಯಾದ ಮೇಲೂ ನಮ್ಮ ತಾಯಿ ಟಿಕೆಟ್ ಕೇಳುವಾಗ ಹಳೆಯ ಹೆಸರನ್ನೇ ಹೇಳುವುದರಿಂದಲೋ ಏನೋ, ಕಥೆಯ ಎಳೆ ಕೇಳಿದಂದಿನಿಂದ ಅದು ಬೇಕೆನಿಸಿದೆ. ಮುಂಗಡ 50 ರೂಪಾಯಿ ಕೊಟ್ಟು 4 ತಿಂಗಳಾಯಿತು. ಯಜಮಾನರು ತಮ್ಮ ಖಾತೆ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಈಗಾಗಲೇ ಒಂದು ‘ದ’ ಬರೆದಿಟ್ಟಿದ್ದಾರೆ.