ಪ್ರೂಸ್ಟ್ ಓದಿಸುವ ಮೂರು ದಾರಿಗಳು: ತರಗತಿಯಲ್ಲಿ ನಾನು ಕಂಡದ್ದು

ಫ್ರೆಂಚ್ ಲೇಖಕ ಮಾರ್ಸೆಲ್ ಪ್ರೂಸ್ಟ್‌ನ ‘ಸ್ವಾನ್ಸ್ ವೇ’ ಕಾದಂಬರಿಯನ್ನು ಇಂಗ್ಲಿಷ್ ಅನುವಾದದಲ್ಲಿ ಎಂ.ಎ. ಇಂಗ್ಲಿಷ್ ವಿದ್ಯಾರ್ಥಿಗಳಿಗೆ ಓದಿಸಲು ಬೇರೆ ಬೇರೆ ಬ್ಯಾಚುಗಳಲ್ಲಿ ಮೂರು ದಾರಿ ಹಿಡಿದು ನೋಡಿದ್ದೇನೆ. ಮನೆಯಲ್ಲೇ ಓದಿಕೊಂಡು ಬನ್ನಿ ಅನ್ನುವುದು ಒಂದು. ಆಯ್ದ ಪುಟಗಳ ಜೆರಾಕ್ಸ್ ಕೊಡುವುದು ಇನ್ನೊಂದು. ತರಗತಿಯಲ್ಲೇ ಕೂತು ಗಟ್ಟಿಯಾಗಿ ಓದುವುದು ಮೂರನೆಯದು. ಇಡೀ ಪುಸ್ತಕವನ್ನಲ್ಲ, ‘ಕೊಂಬ್ರೆ’ ಅನ್ನುವ ಮೊದಲ ಭಾಗವನ್ನು ಮಾತ್ರ. ಅದೇ ಇನ್ನೂರು ಪುಟದ ಹತ್ತಿರ ಬರುತ್ತದೆ. ಒಬ್ಬ ಹುಡುಗನ ಬಾಲ್ಯ, ರಾತ್ರಿ ಅಮ್ಮನ ಮುತ್ತಿಗಾಗಿ ಅವನು ಕಾಯುವುದು, ರಜೆಗೆ ಹೋಗುತ್ತಿದ್ದ ಕೊಂಬ್ರೆ ಅನ್ನುವ ಊರು. ಇಷ್ಟೇ ವಿಷಯ.

ನನ್ನ ಆಯ್ಕೆ ಮೂರನೆಯದು. ಆದರೆ ಉಳಿದ ಎರಡರಲ್ಲಿ ಏನಾಯಿತು ಅನ್ನುವುದನ್ನೂ ಹೇಳಬೇಕು. ನಮ್ಮಲ್ಲಿ ಹೆಚ್ಚಿನ ಕಡೆ ನಡೆಯುವುದು ಆ ಎರಡೇ ಅಲ್ವಾ?

ಯಾವ ದಾರಿ ಹಿಡಿದರೂ ಮೊದಲ ವಾರ ಒಂದೇ ದೂರು. “ಮೇಡಂ, ಇಷ್ಟು ಪುಟ ಆದ್ರೂ ಇನ್ನೂ ಹಾಸಿಗೆಯಲ್ಲೇ ಇದಾನೆ. ಕತೆ ಯಾವಾಗ ಶುರುವಾಗುತ್ತೆ?” ಈ ದೂರು ಹೊಸದಲ್ಲ. ಹಸ್ತಪ್ರತಿ ಓದಿದ ಪ್ಯಾರಿಸ್ಸಿನ ಪ್ರಕಾಶಕರೊಬ್ಬರು ಇದನ್ನೇ ಹೇಳಿದ್ದರು. ನಿದ್ದೆ ಬರುವ ಮೊದಲು ಹೊರಳಾಡುವುದನ್ನು ಹೇಳಲು ಮೂವತ್ತು ಪುಟ ಯಾಕೆ ಬೇಕು ಅನ್ನುವುದು ಅವರಿಗೆ ಅರ್ಥವಾಗಲಿಲ್ಲ. ಬೇರೆ ಪ್ರಕಾಶಕರೂ ಬೇಡ ಅಂದರು. ಕೊನೆಗೆ 1913ರಲ್ಲಿ ಪ್ರೂಸ್ಟ್ ತನ್ನ ಕೈಯಿಂದಲೇ ಹಣ ಹಾಕಿ ಗ್ರಾಸೆ ಪ್ರಕಾಶನದಿಂದ ಪುಸ್ತಕ ತಂದ. ಇದನ್ನು ನಾನು ಮೊದಲ ದಿನವೇ ಹೇಳಿಬಿಡುತ್ತೇನೆ. ತಮಗೆ ಕಷ್ಟವಾದದ್ದು ತಮ್ಮ ದಡ್ಡತನದಿಂದಲ್ಲ ಅಂತ ಹುಡುಗರಿಗೆ ಗೊತ್ತಾಗುವುದು ಬಹಳ ಮುಖ್ಯ.

ಮನೆ ಓದಿನಲ್ಲಿ ಕೆಡುವುದೂ ಅದೇ. ವಾರಕ್ಕೆ ಇಷ್ಟು ಪುಟ ಅಂತ ಕೊಟ್ಟೆ. ಕೆಲವರು ಓದಿದರು, ಕೆಲವರು ಯೂಟ್ಯೂಬಿನಲ್ಲಿ ಸಾರಾಂಶ ಕೇಳಿಕೊಂಡು ಬಂದರು. ನನಗೆ ಬೇಜಾರಾದದ್ದು ಪ್ರಾಮಾಣಿಕವಾಗಿ ಓದಿದ ಹುಡುಗರನ್ನು ನೋಡಿ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗನೊಬ್ಬ ತುಂಬ ಹೊತ್ತು ಕೂತು ನಾಲ್ಕೇ ಪುಟ ಓದಿದ್ದ. ವಾಕ್ಯದ ಕೊನೆ ಮುಟ್ಟುವಷ್ಟರಲ್ಲಿ ಶುರು ಮರೆತುಹೋಗುತ್ತೆ, ಮತ್ತೆ ಮೇಲಿಂದ ಓದುತ್ತೇನೆ ಅಂದ. “ನನಗೆ ಇಂಗ್ಲಿಷ್ ಬರೋದೇ ಇಲ್ಲ ಅನ್ಸುತ್ತೆ ಮೇಡಂ” ಅಂದ. ಅವನ ಪುಟ ತೆಗೆದು ನೋಡಿದೆ. ನಿರೂಪಕ ತಾನು ಮಲಗಿದ್ದ ಚಳಿಗಾಲದ ಕೋಣೆ, ಬೇಸಿಗೆಯ ಕೋಣೆ ಒಂದೊಂದನ್ನೇ ನೆನೆಯುತ್ತ ಹೋಗುವ ಆ ಉದ್ದನೆಯ ವಾಕ್ಯ ಅದು. ಪದಗಳೆಲ್ಲ ಅವನಿಗೆ ಗೊತ್ತು. ದಿಂಬು, ಹೊದಿಕೆ, ಒಲೆಯ ಬೆಂಕಿ, ಬೆಳದಿಂಗಳು. ಡಿಕ್ಷನರಿ ಬೇಡ. ಕೈಜಾರಿದ್ದು ವಾಕ್ಯದ ಎಳೆ ಮಾತ್ರ. ಅದನ್ನು ತೋರಿಸಿಕೊಡಲು ಆ ಹೊತ್ತಿನಲ್ಲಿ ಪಕ್ಕದಲ್ಲಿ ಒಬ್ಬರು ಬೇಕಿತ್ತು.

ಆದರೂ ಮನೆ ಓದಿನಿಂದ ಬಂದ ಒಂದು ಪ್ರತಿಕ್ರಿಯೆಯನ್ನು ಮರೆಯಲಾರೆ. ಚಿಕ್ಕಂದಿನಲ್ಲಿ ಓದಿಗೆಂದು ಅಜ್ಜಿ ಮನೆಯಲ್ಲಿ ಬಿಡಲ್ಪಟ್ಟಿದ್ದ ಹುಡುಗಿಯೊಬ್ಬಳು, ಆ ಹುಡುಗ ಅಡುಗೆಯ ಫ್ರಾನ್ಸ್ವಾಸ್ ಕೈಯಲ್ಲಿ ಅಮ್ಮನಿಗೆ ಚೀಟಿ ಕಳಿಸಿ ಕಾಯುವ ಭಾಗದ ಬಗ್ಗೆ ಬರೆದಿದ್ದಳು. ಕೆಳಗೆ ಅತಿಥಿಗಳ ಜೊತೆ ಊಟಕ್ಕೆ ಕೂತ ಅಮ್ಮ ‘ಉತ್ತರ ಇಲ್ಲ’ ಅಂತ ಹೇಳಿ ಕಳಿಸುತ್ತಾಳೆ. ಆ ಎರಡು ಮಾತಿನ ಮೇಲೆ ಅವಳು ಮೂರು ಪುಟ ಬರೆದಿದ್ದಳು. ಒಬ್ಬಳೇ ಕೂತು ಓದಿದ್ದರಿಂದಲೇ ಅದು ಬಂತು ಅನ್ನಿಸುತ್ತದೆ.

ಜೆರಾಕ್ಸ್ ದಾರಿ ನೋಡಲು ಚೆಂದ. ಚಹಾದಲ್ಲಿ ಅದ್ದಿದ ಮ್ಯಾಡಲೀನ್ ಅನ್ನುವ ಪುಟ್ಟ ಕೇಕ್, ಗೋಡೆಯ ಮೇಲೆ ಚಿತ್ರ ಮೂಡಿಸುವ ಮ್ಯಾಜಿಕ್ ಲ್ಯಾಂಟರ್ನ್ ದೀಪ, ಗಾಡಿಯಲ್ಲಿ ಹೋಗುವಾಗ ಕಾಣುವ ಮಾರ್ಟಿನ್‌ವಿಲ್ ಚರ್ಚಿನ ಗೋಪುರಗಳು. ಹಾಜರಾತಿ ಜಾಸ್ತಿ, ಚರ್ಚೆ ಜೋರು. ಮ್ಯಾಡಲೀನ್ ಬಂದ ತಕ್ಷಣ ಒಬ್ಬೊಬ್ಬರಿಗೂ ಒಂದೊಂದು ತಿಂಡಿ ನೆನಪಾಯಿತು. ಹಲಸಿನ ಹಪ್ಪಳ, ಜಾತ್ರೆಯ ಮಂಡಕ್ಕಿ, ಅಜ್ಜಿ ಮಾಡುತ್ತಿದ್ದ ಕಡಬು. ಒಳ್ಳೆಯದೇ. ಆದರೆ ಟೆಸ್ಟ್ ಪೇಪರ್ ನೋಡಿದರೆ ಎಲ್ಲರದೂ ಒಂದೇ ಉತ್ತರ: ರುಚಿ ನೋಡಿದ, ನೆನಪು ಬಂತು.

ಪುಸ್ತಕದಲ್ಲಿ ಇರುವುದು ಹಾಗಲ್ಲ. ದೊಡ್ಡವನಾದ ಮೇಲೆ ಒಂದು ದಿನ ಚಳಿಯಲ್ಲಿ ಮನೆಗೆ ಬಂದ ನಿರೂಪಕನಿಗೆ ಅಮ್ಮ ಚಹಾ ಕುಡಿಯುತ್ತೀಯಾ ಅನ್ನುತ್ತಾಳೆ. ಮೊದಲು ಬೇಡ ಅನ್ನುತ್ತಾನೆ, ಆಮೇಲೆ ಯಾಕೋ ಸರಿ ಅನ್ನುತ್ತಾನೆ. ಮೊದಲ ಗುಟುಕಿಗೆ ಬರುವುದು ಕಾರಣವೇ ತಿಳಿಯದ ಒಂದು ಸಂತೋಷ. ನೆನಪು ಇನ್ನೂ ಬಂದಿಲ್ಲ. ಎರಡನೆಯ ಗುಟುಕಿನಲ್ಲಿ ಹೆಚ್ಚೇನೂ ಸಿಗುವುದಿಲ್ಲ. ಮೂರನೆಯದರಲ್ಲಿ ಇನ್ನೂ ಕಡಿಮೆ. ಕಪ್ಪು ಕೆಳಗಿಡುತ್ತಾನೆ. ಮತ್ತೆ ಮತ್ತೆ ಪ್ರಯತ್ನಿಸುತ್ತಾನೆ, ಸೋಲುತ್ತಾನೆ, ಬಿಟ್ಟುಬಿಡೋಣ ಅಂದುಕೊಳ್ಳುತ್ತಾನೆ. ಆಗ ಬಾಲ್ಯದಲ್ಲಿ ಕೊಂಬ್ರೆಯಲ್ಲಿ ಲಿಯೋನಿ ಅತ್ತೆ ಭಾನುವಾರ ಬೆಳಿಗ್ಗೆ ಕೊಡುತ್ತಿದ್ದ ಮ್ಯಾಡಲೀನ್ ತುಂಡು ನೆನಪಿಗೆ ಬರುತ್ತದೆ. ಆ ನೆನಪಿನಿಂದ ತನಗೆ ಯಾಕಿಷ್ಟು ಸಂತೋಷ ಅನ್ನುವುದು ಆಗಲೂ ತಿಳಿದಿಲ್ಲ ಅನ್ನುತ್ತಾನೆ. ‘ಸ್ವಾನ್ಸ್ ವೇ’ ಏಳು ಸಂಪುಟದ ದೊಡ್ಡ ಕಾದಂಬರಿಯೊಂದರ ಮೊದಲ ಸಂಪುಟ; ಅದಕ್ಕೆ ಉತ್ತರ ಇರುವುದು ಕೊನೆಯ, ಏಳನೆಯ ಸಂಪುಟದಲ್ಲಿ. ಅದು ಅಚ್ಚಾದದ್ದು 1927ರಲ್ಲಿ, ಪ್ರೂಸ್ಟ್ ತೀರಿಕೊಂಡು ಐದು ವರ್ಷದ ಮೇಲೆ.

ಇನ್ನೊಂದು ನಷ್ಟ ಇದಕ್ಕಿಂತ ದೊಡ್ಡದು. ಆ ಚಹಾಕ್ಕೆ ಮೊದಲು ಅವನಿಗೆ ಕೊಂಬ್ರೆ ಅಂದರೆ ನೆನಪಿದ್ದದ್ದು ಒಂದು ಮೆಟ್ಟಿಲು, ಒಂದು ಮಲಗುವ ಕೋಣೆ, ಸಂಜೆ ಏಳು ಗಂಟೆ. ಅಮ್ಮನನ್ನು ಬಿಟ್ಟು ಮೇಲೆ ಹೋಗಬೇಕಾದ ಆ ಸಂಕಟ ಮಾತ್ರ. ಉಳಿದ ಊರೆಲ್ಲ ಕತ್ತಲು. ಹುಡುಗರು ಬೋರ್ ಅನ್ನುವ ಆ ಪುಟಗಳು ಹೇಳುತ್ತಿರುವುದು ಇದನ್ನೇ. ಆ ಇಕ್ಕಟ್ಟಿನಲ್ಲಿ ಒಂದಷ್ಟು ದಿನ ಕೂತವರಿಗೆ ಮಾತ್ರ ಮುಂದೆ ಬೀದಿ, ತೋಟ, ನದಿ ಎಲ್ಲ ಒಮ್ಮೆಲೇ ತೆರೆದುಕೊಂಡದ್ದು ತಟ್ಟುತ್ತದೆ. ಜೆರಾಕ್ಸ್ ಓದಿದವರಿಗೆ ಅದು ಸುಮ್ನೆ ಒಂದು ತಿಂಡಿ ಕತೆ.

ಗಟ್ಟಿ ಓದಿಗೆ ನಾನು ಇಟ್ಟುಕೊಂಡ ಕ್ರಮ ಸರಳ. ಒಬ್ಬರು ಒಂದೇ ವಾಕ್ಯ ಓದಬೇಕು. ಪ್ಯಾರಾ ಅಲ್ಲ, ವಾಕ್ಯ. ಪೂರ್ಣವಿರಾಮ ಬಂದ ಮೇಲೆ ಪಕ್ಕದವರಿಗೆ. ಎಳೆ ತಪ್ಪಿದವರು ಕೈ ಎತ್ತಬೇಕು. ಆಗ ಎಲ್ಲರೂ ನಿಂತು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇವೆ: ಯಾರು, ಏನು ಮಾಡುತ್ತಿದ್ದಾರೆ? ಕ್ರಿಯಾಪದದ ಕೆಳಗೆ ಪೆನ್ಸಿಲ್ ಗೆರೆ. ಮತ್ತೆ ಅದೇ ವಾಕ್ಯ ಮೊದಲಿಂದ. ಮೊದಲೆರಡು ತರಗತಿ ತೀರಾ ನಿಧಾನ. ಆಮೇಲೆ ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಅಂತ ನಾಲಿಗೆಗೇ ಗೊತ್ತಾಗಿಬಿಡುತ್ತದೆ. ಗಮಕ ಕೇಳಿ ಬೆಳೆದ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಗು ಬಂದದ್ದು ಈ ದಾರಿಯಲ್ಲಿ ಮಾತ್ರ. ಮನೆಯಲ್ಲಿ ಓದಿದ ಯಾರೂ ಪ್ರೂಸ್ಟ್ ನಗಿಸುತ್ತಾನೆ ಅಂತ ಬರೆದಿರಲಿಲ್ಲ. ನೆರೆಯ ಸ್ವಾನ್ ಕಳಿಸಿದ ವೈನಿಗೆ ನಿರೂಪಕನ ಅಜ್ಜಿಯ ತಂಗಿಯರಿಬ್ಬರು ಥ್ಯಾಂಕ್ಸ್ ಹೇಳುವ ಪ್ರಸಂಗ ಇದೆ. ನೇರವಾಗಿ ಹೇಳುವುದು ಒರಟುತನ ಅಂತ ಅವರು ಎಷ್ಟು ಸುತ್ತಿ ಬಳಸಿ ಹೇಳುತ್ತಾರೆಂದರೆ ಸ್ವಾನ್‌ಗೆ ಗೊತ್ತೇ ಆಗುವುದಿಲ್ಲ. ಆಮೇಲೆ ತಾತ ಬೈದರೆ, ಹೇಳಿದೆವಲ್ಲ ಅನ್ನುತ್ತಾರೆ. ಇಡೀ ತರಗತಿ ನಕ್ಕಿತು. ಹಾಸಿಗೆ ಬಿಟ್ಟೇಳದ ಲಿಯೋನಿ ಅತ್ತೆ ಕಿಟಕಿಯಿಂದ ಬೀದಿ ಕಾಯುತ್ತ, ಗುರುತಿಲ್ಲದ ನಾಯಿಯೊಂದು ಹೋದರೂ ಯಾರದ್ದದು ಅಂತ ತಲೆಕೆಡಿಸಿಕೊಳ್ಳುತ್ತಾಳೆ. “ಇದು ನಮ್ಮ ದೊಡ್ಡಮ್ಮನೇ” ಅಂತ ಹಿಂದಿನ ಬೆಂಚಿನಿಂದ ದನಿ ಬಂತು.

ಆಸ್ಪ್ಯಾರಗಸ್ ಅನ್ನುವ ತರಕಾರಿಯ ಪ್ರಸಂಗಕ್ಕೆ ಮಾತ್ರ ಎಲ್ಲರೂ ಗಪ್‌ಚುಪ್. ಆ ಬೇಸಿಗೆಯಲ್ಲಿ ಮನೆಯಲ್ಲಿ ದಿನಾ ಎಂಬಂತೆ ಅದನ್ನೇ ಯಾಕೆ ತಿಂದೆವು ಅನ್ನುವುದು ನಿರೂಪಕನಿಗೆ ವರ್ಷಗಳ ನಂತರ ತಿಳಿಯುತ್ತದೆ. ಅದನ್ನು ಹೆರೆಯುವ ಕೆಲಸದ ಹುಡುಗಿಗೆ ಅದರ ವಾಸನೆಗೆ ಉಬ್ಬಸ ಬರುತ್ತಿತ್ತು. ಅವಳಾಗಿಯೇ ಕೆಲಸ ಬಿಟ್ಟು ಹೋಗಲಿ ಅಂತ ಫ್ರಾನ್ಸ್ವಾಸ್ ಮಾಡಿದ್ದು ಅದು. ಫ್ರಾನ್ಸ್ವಾಸ್‌ಳನ್ನು ಅಷ್ಟು ಹೊತ್ತು ಇಷ್ಟಪಟ್ಟಿದ್ದ ಹುಡುಗಿಯರಿಗೆ ಸಿಟ್ಟು ಬಂತು. ಹೊರಗಿನವರ ನೋವಿಗೆ ಅಳುವವಳು ಅಡುಗೆಮನೆಯಲ್ಲಿ ಹೀಗೆ ಮಾಡಬಹುದಾ ಅನ್ನುವ ವಾದ ಗಂಟೆ ಹೊಡೆದ ಮೇಲೂ ಕಾರಿಡಾರಿನಲ್ಲಿ ನಡೆದಿತ್ತು.

ಮೊದಲು ಜೇಮ್ಸ್ ಜಾಯ್ಸ್‌ನ ‘ಎ ಪೋರ್ಟ್ರೇಟ್ ಆಫ್ ದಿ ಆರ್ಟಿಸ್ಟ್ ಆಸ್ ಎ ಯಂಗ್ ಮ್ಯಾನ್’ ಕಾದಂಬರಿ ಓದಿಸಿ, ಆಮೇಲೆ ಇದು ಸುಲಭ ಅಂತ ಕೆಲವರು ಹೇಳುತ್ತಾರೆ. ಅದನ್ನೂ ಮಾಡಿ ನೋಡಿದೆ. ಕನ್ನಡಕ ಒಡೆದ ಕಥಾನಾಯಕ ಸ್ಟೀಫನ್ ಶಾಲೆಯಲ್ಲಿ ಅನ್ಯಾಯವಾಗಿ ಏಟು ತಿನ್ನುವ ಭಾಗ ಎಲ್ಲರಿಗೂ ಹಿಡಿಸಿತು. ಆದರೆ ಅಲ್ಲಿ ಭಾಷೆ ಹುಡುಗನ ವಯಸ್ಸಿನ ಜೊತೆಗೇ ಬೆಳೆಯುತ್ತದೆ. ಇಲ್ಲಿ ಮೊದಲ ಪುಟದಿಂದಲೇ ದೊಡ್ಡವನೊಬ್ಬ ನೆನೆಯುತ್ತಿದ್ದಾನೆ. ಒಂದು ಇನ್ನೊಂದಕ್ಕೆ ಮೆಟ್ಟಿಲಾಗಲಿಲ್ಲ.

ಗಟ್ಟಿ ಓದಿಗೆ ಬೆಲೆ ತೆರಬೇಕು, ನಿಜ. ಸಿಲಬಸ್ಸಿನ ಬೇರೆ ಪುಸ್ತಕಗಳ ಗಂಟೆ ಹೋಗುತ್ತದೆ. ಉಚ್ಚಾರಣೆ ಬಗ್ಗೆ ಹಿಂಜರಿಯುವವರಿಗೆ ಎಲ್ಲರ ಮುಂದೆ ಓದುವುದು ಹಿಂಸೆ. ಹಾಗಾಗಿ ಓದಲೇಬೇಕೆಂಬ ಕಡ್ಡಾಯ ಇಟ್ಟಿಲ್ಲ. ಕೇಳುತ್ತ ಕೂತ ಒಬ್ಬಳು ಚರ್ಚೆಯಲ್ಲಿ ಎಲ್ಲರಿಗಿಂತ ಜಾಸ್ತಿ ಮಾತಾಡಿದಳು.

ಈಗ ನಾನು ಮಾಡುವುದು ಹೀಗೆ. ಸೆಮಿಸ್ಟರಿನ ಶುರುವಿನಲ್ಲೇ ಕೈಗೆತ್ತಿಕೊಳ್ಳುತ್ತೇನೆ. ಮ್ಯಾಡಲೀನ್‌ವರೆಗಿನ ಪುಟಗಳು ಪೂರ್ತಿ ತರಗತಿಯಲ್ಲಿ, ಗಟ್ಟಿಯಾಗಿ. ಆಮೇಲಿನದ್ದು ಮನೆಯಲ್ಲಿ. ಲಿಯೋನಿ ಅತ್ತೆ ಮತ್ತು ಆಸ್ಪ್ಯಾರಗಸ್‌ಗೆ ಮತ್ತೆ ತರಗತಿ. ಸ್ಕಾಟ್ ಮಾಂಕ್ರೀಫ್‌ನ 1922ರ ಅನುವಾದ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ, ಹುಡುಗರು ಫೋನಿನಲ್ಲಿ ಅದನ್ನೇ ಇಟ್ಟುಕೊಂಡಿರುತ್ತಾರೆ. ಲಿಡಿಯಾ ಡೇವಿಸ್‌ಳ 2002ರ ಅನುವಾದ ಬಾಯಲ್ಲಿ ಇನ್ನೂ ಸಲೀಸು. ಗಟ್ಟಿ ಓದಿಗೆ ಅದರ ಎರಡು ಪ್ರತಿಯನ್ನಾದರೂ ಲೈಬ್ರರಿಗೆ ತರಿಸಿಕೊಳ್ಳಿ.